ಒಂದು ಪಾಲಕ ಪಲ್ಲೆ, ನಾಲ್ಕು ಅಡಿಗಿ



ಸೋಲಾಪುರದ ಬಜಾರಕ್ಕೆ ಹೋಗ್ರಿ, ಇಲ್ಲವೇ ಅಕ್ಕಲಕೋಟದ ಬಜಾರಕ್ಕೆ ಹೋಗ್ರಿ. ತಪ್ಪಲ ಪಲ್ಲೆ ಮಾರುವವರ ಮುಂದೆ ನಿಲ್ಲಿರಿ. ಅಲ್ಲಿ ಮೆಂತ್ಯ ಇರುತ್ತದೆ. ಮರಾಠಿಯವರು ಅದಕ್ಕೆ ಮೇಥಿ ಅಂತಾರೆ. ಪುಂಡಿ ಇರುತ್ತದೆ. ಅದಕ್ಕೆ ಅವರು ಅಂಬಾಡಿ ಅಂತಾರೆ. ಪಾಲಕಕ್ಕೆ ಮಾತ್ರ ಎರಡೂ ಭಾಷೆಯಲ್ಲಿ ಒಂದೇ ಹೆಸರು. ಓದಿರಿ: ಪಾ – ಲ – ಕ.

ಈ ಮೂರು ಅಕ್ಷರ ನೀವು ಇನ್ನೊಂದು ಕಡೆಯೂ ನೋಡಿರಬೇಕು. ಮಕ್ಕಳ ಶಾಲೆಯಿಂದ ಚೀಟಿ ಬರುತ್ತದೆ. ಕೆಳಗೆ 'ಪಾಲಕರ ಸಹಿ' ಎಂದು ಇರುತ್ತದೆ. ಆ ಪಾಲಕರು ನೀವೇ. ಅಲ್ಲಿ ಹೆಬ್ಬೆಟ್ಟು ಒತ್ತಬೇಡ್ರಿ, ಸಹಿ ಮಾಡ್ರಿ. ನಮ್ಮ ಈ ಪಾಠದ ಪಾಲಕ ಮಾತ್ರ ಪಲ್ಲೆ.

ಪಾಲಕದ ಗುಣ ನಿಮಗೆ ಗೊತ್ತು. ಹಸಿದು ಇದ್ದಾಗ ಬುಟ್ಟಿ ತುಂಬ ಕಾಣುತ್ತದೆ. ಒಲೆಯ ಮೇಲೆ ಇಟ್ಟರೆ ಒಂದು ಮುಷ್ಟಿ ಆಗುತ್ತದೆ. ಮಾವ ಉಂಡರು, ಗಂಡ ಉಂಡ, ಮಕ್ಕಳು ಉಂಡವು. ಕೊನೆಗೆ ಉಣ್ಣುವವಳ ತಾಟಿಗೆ ಏನು ಬಂತು? ರೊಟ್ಟಿ, ಶೇಂಗಾ ಚಟ್ನಿ. ಸೋಲಾಪುರದ ಶೇಂಗಾ ಚಟ್ನಿ ಭಾಳ ರುಚಿ, ಸುಳ್ಳಲ್ಲ. ಆದರೆ ದಿನಾ ಅಷ್ಟೇ ಉಂಡರೆ ಮೈಗೆ ಸಾಲುವುದಿಲ್ಲ. 2019ರಿಂದ 2021ರ ವರೆಗೆ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. 15ರಿಂದ 49 ವಯಸ್ಸಿನ 100 ಹೆಣ್ಣುಮಕ್ಕಳಲ್ಲಿ 57 ಮಂದಿಗೆ ರಕ್ತ ಕಡಿಮೆ ಎಂದು ಕಂಡಿತು. ಅದಕ್ಕೇ ಪಲ್ಲೆ ಎಲ್ಲರ ತಾಟಿಗೂ ಬರಬೇಕು. ಹ್ಯಾಂಗ? ಮೊದಲು ಬರೀ ಪಲ್ಲೆ ಮಾಡಿಡಬೇಕು. ಆಮೇಲೆ ಅದನ್ನೇ ಬೇರೆ ಅಡಿಗಿಗೆ ಕೂಡಿಸಿ ಹೆಚ್ಚು ಮಾಡಬೇಕು.

ಪಲ್ಲೆ ಮಾಡುವ ರೀತಿ

ಅರ್ಧ ಕಿಲೋ ಪಾಲಕ ತಗೊಳ್ರಿ. ಬೇರು, ಹಳದಿ ಎಲೆ ತೆಗೀರಿ. ಎಳೆಯ ದಂಟು ಇರಲಿ. ದೊಡ್ಡ ಬೋಗುಣಿಯ ನೀರಿನಲ್ಲಿ ಮುಳುಗಿಸಿ ಮೂರು ಸಲ ತೊಳೀರಿ. ತಳದಲ್ಲಿ ಮಣ್ಣು ನಿಲ್ಲುತ್ತದೆ. ಮಣ್ಣು ಕಾಣದ ತನಕ ತೊಳೀರಿ. ತೊಳೆದ ಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ನೀರಿನ ಸಂಗಡ ಹೋಗುತ್ತದೆ.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿರಿ. ಜೀರಗಿ ಹಾಕ್ರಿ. ಎಂಟು ಹತ್ತು ಎಸಳು ಬಳ್ಳೊಳ್ಳಿ ಜಜ್ಜಿ ಹಾಕ್ರಿ. ಎರಡು ಹಸಿ ಮೆಣಸಿನಕಾಯಿ ಹಾಕ್ರಿ. ಬಳ್ಳೊಳ್ಳಿ ಕೆಂಪಾದ ಕೂಡಲೇ ಪಾಲಕ ಹಾಕ್ರಿ. ನೀರು ಹಾಕಬೇಡ್ರಿ. ಪಾಲಕವೇ ನೀರು ಬಿಡುತ್ತದೆ. ಮುಚ್ಚಳ ಬೇಡ, ಮುಚ್ಚಿದರೆ ಹಸಿರು ಬಣ್ಣ ಹೋಗುತ್ತದೆ. ಉರಿ ದೊಡ್ಡದು ಇರಲಿ. ನಾಲ್ಕೈದು ಮಿನಿಟು ತಿರುವಿದರೆ ಸಾಕು. ಉಪ್ಪು ಕೊನೆಗೆ ಹಾಕ್ರಿ. ಹಸಿ ರಾಶಿ ನೋಡಿ ಮೊದಲೇ ಹಾಕಿದರೆ ಕೈ ತಪ್ಪುತ್ತದೆ, ಪಲ್ಲೆ ಉಪ್ಪುಪ್ಪಾಗುತ್ತದೆ.

ಕಬ್ಬಿಣದ ಬಾಣಲೆ ಇದ್ದರೆ ಇನ್ನೂ ಚಲೋ. ಆದರೆ ಆದ ಕೂಡಲೇ ಬೇರೆ ಪಾತ್ರೆಗೆ ತೆಗೀರಿ. ಇಲ್ಲದಿದ್ದರೆ ಪಲ್ಲೆ ಕಪ್ಪಾಗುತ್ತದೆ.

ಇದನ್ನೇ ನಾಲ್ಕು ಬಗೆ ಮಾಡ್ರಿ

ಮೊದಲನೆಯದು ಮುದ್ದಿ ಪಲ್ಲೆ. ಮನೆ ಮಂದಿಗೆಲ್ಲ ಸಾಲುವ ಪಲ್ಲೆ ಇದೇ. ಒಂದು ವಾಟಿ ತೊಗರಿ ಬ್ಯಾಳಿ ಮೆತ್ತಗೆ ಕುದಿಸಿರಿ. ಅದಕ್ಕೆ ಪಲ್ಲೆ ಕೂಡಿಸಿ ಸೌಟಿನಿಂದ ಮಸೀರಿ. ಗಟ್ಟಿಯಾಗಿ ಇರಲಿ. ಮೇಲೆ ಬಳ್ಳೊಳ್ಳಿ ಒಗ್ಗರಣಿ ಕೊಡ್ರಿ. ಇಬ್ಬರಿಗೆ ಆಗುವ ಪಲ್ಲೆ ಈಗ ಐದು ಮಂದಿಗೆ ಆಗುತ್ತದೆ. ಬಿಸಿ ಜೋಳದ ರೊಟ್ಟಿ, ಉಳ್ಳಾಗಡ್ಡಿ ಸಂಗಡ ಉಣ್ರಿ. ನಮ್ಮ ಕಡೆಯ ಮಾಲದಂಡಿ ಜೋಳದ ರೊಟ್ಟಿ ಇದ್ದರೆ ಕೇಳುವುದೇ ಬೇಡ.

ಎರಡನೆಯದನ್ನು ನೆರೆಮನೆಯ ಮರಾಠಿ ಬಾಯಿಯವರು ಚಲೋ ಮಾಡ್ತಾರೆ. ಮಜ್ಜಿಗಿ ಪಲ್ಲೆ. ಎರಡು ವಾಟಿ ಹುಳಿ ಮಜ್ಜಿಗಿಗೆ ಎರಡು ಚಮಚ ಕಡ್ಲಿ ಹಿಟ್ಟು ಹಾಕಿ ಗಂಟಿಲ್ಲದಂತೆ ಕಲಸಿರಿ. ನೆನೆಸಿ ಬೇಯಿಸಿದ ಕಡ್ಲಿ ಬ್ಯಾಳಿ, ಒಂದು ಮುಷ್ಟಿ ಶೇಂಗಾ ಪಲ್ಲೆಗೆ ಕೂಡಿಸಿ ಮಜ್ಜಿಗಿ ಸುರುವಿರಿ. ಕುದಿ ಬರುವ ತನಕ ಕೈ ಬಿಡದೆ ತಿರುವಬೇಕು. ಬಿಟ್ಟರೆ ಮಜ್ಜಿಗಿ ಒಡೆಯುತ್ತದೆ.

ಮೂರನೆಯದು ಜುಣಕ. ಪಲ್ಲೆಯ ಮೇಲೆ ಕಡ್ಲಿ ಹಿಟ್ಟು ಉದುರಿಸಿ, ನೀರು ಚಿಮುಕಿಸಿ, ಮುಚ್ಚಿ ಬೇಯಿಸಿರಿ. ಹೊಲಕ್ಕೆ ಬುತ್ತಿ ಒಯ್ಯಲು ಇದೇ ಬೇಷ್.

ನಾಲ್ಕನೆಯದು ದಪಾಟಿ. ಉಳಿದ ಪಲ್ಲೆಯನ್ನು ಜೋಳದ ಹಿಟ್ಟು, ಸ್ವಲ್ಪ ಕಡ್ಲಿ ಹಿಟ್ಟು ಸೇರಿಸಿ ನಾದಿರಿ. ಹಸಿ ಅರಿವೆಯ ಮೇಲೆ ತಟ್ಟಿ ಹಂಚಿಗೆ ಹಾಕ್ರಿ. ಪಲ್ಲೆ ಬೇಡ ಅನ್ನುವ ಹುಡುಗರು ಇದನ್ನು ಕೇಳಿ ತಿಂತಾರೆ.

ಲಿಂಬಿಹಣ್ಣು ಮತ್ತು ಚಹಾ

ರಕ್ತಕ್ಕೆ ಕಬ್ಬಿಣದ ಅಂಶ ಬೇಕು. 100 ಗ್ರಾಂ ಹಸಿ ಪಾಲಕದಲ್ಲಿ ಅದು ಸುಮಾರು 3 ಮಿಲಿಗ್ರಾಂ ಇದೆ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಅಂದರೆ ಬರೀ ಪಾಲಕದಿಂದ ರಕ್ತ ತುಂಬುವುದಿಲ್ಲ. ಪಾಲಕದ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದೂ ಇಲ್ಲ. ಊಟದ ಹೊತ್ತಿಗೆ ಮೇಲೆ ಲಿಂಬಿಹಣ್ಣು ಹಿಂಡಿದರೆ ಹೆಚ್ಚು ಹತ್ತುತ್ತದೆ. ಊಟ ಆದ ಕೂಡಲೇ ಚಹಾ ಕುಡಿದರೆ ಕಡಿಮೆ ಹತ್ತುತ್ತದೆ. ಚಹಾಕ್ಕೆ ಒಂದು ತಾಸು ತಡೀರಿ. ಕಷ್ಟ ಅಂತ ಗೊತ್ತು, ಆದರೂ ತಡೀರಿ.

ತಲೆ ತಿರುಗಿದರೆ, ನಡೆದರೆ ದಮ್ಮು ಹತ್ತಿದರೆ ಪಲ್ಲೆ ನಂಬಿ ಕೂಡಬೇಡ್ರಿ. ಸರಕಾರಿ ದವಾಖಾನೆಯಲ್ಲಿ ರಕ್ತ ತೋರಿಸ್ರಿ. ಕಬ್ಬಿಣದ ಗುಳಿಗಿ ಕೊಟ್ಟರೆ ತಗೊಳ್ರಿ. ಕಿಡ್ನಿಯಲ್ಲಿ ಹರಳು ಆದವರು ಡಾಕ್ಟರರನ್ನು ಕೇಳಿಯೇ ಪಾಲಕ ತಿನ್ನಬೇಕು.

ಬ್ಯಾಸಗಿಯಲ್ಲಿ ಸೋಲಾಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಂಜಾನೆಯ ಪಲ್ಲೆ ಸಂಜೆ ತನಕ ಹೊರಗೆ ಇಡಬೇಡ್ರಿ. ಮಧ್ಯಾಹ್ನವೇ ದಪಾಟಿ ತಟ್ಟಿಬಿಡ್ರಿ.

ಓದಿರಿ, ಬರೆಯಿರಿ

1. ಗಟ್ಟಿಯಾಗಿ ಓದಿರಿ: ಪಾಲಕ, ಬಳ್ಳೊಳ್ಳಿ, ಮಜ್ಜಿಗಿ, ಒಗ್ಗರಣಿ, ಉಳ್ಳಾಗಡ್ಡಿ.

2. ಉಪ್ಪನ್ನು ಯಾವಾಗ ಹಾಕಬೇಕು? ಯಾಕೆ?

3. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ಹೆಸರು ಬರೆಯಿರಿ. ನಾಳೆ ಪಲ್ಲೆ ಆದ ಕೂಡಲೇ ಅವರ ಪಾಲು ಬೇರೆ ವಾಟಿಯಲ್ಲಿ ತೆಗೆದಿಡ್ರಿ.

4. ಈ ವಾರ ಬಜಾರಿನಲ್ಲಿ ಪಾಲಕದ ಒಂದು ಕಟ್ಟಿಗೆ ಎಷ್ಟು ರೂಪಾಯಿ? ಮೂರು ಕಟ್ಟಿಗೆ ಎಷ್ಟು? ಲೆಕ್ಕ ಬರೆದು ತನ್ನಿರಿ.