ಉತ್ತರಕ್ಕೆ ಜಾಗ ಬಿಡುವ ಮಾತು

ಮಗಳೇ, ನಿಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಈ ವರ್ಷ ಜಾತಿ, ಧರ್ಮ, ಭಾಷೆಯ ವಿಷಯಗಳನ್ನೇ ಎತ್ತಿಕೊಳ್ಳುತ್ತೇವೆ ಎಂದೆಯಲ್ಲ, ಕೇಳಿ ಸಂತೋಷವಾಯಿತು. ಸೂಕ್ಷ್ಮ ವಿಷಯ, ಯಾಕೆ ಬೇಕು ಇಲ್ಲದ ಉಸಾಬರಿ ಎಂದು ಯಾರಾದರೂ ಹೇಳಿದರೆ ಹೆದರಿ ಕೈಬಿಡಬೇಡ. ದ್ವೇಷದ ವಿಚಾರಗಳನ್ನು ನಾಲ್ಕು ಜನರ ಮುಂದೆ ತಂದು ಮಾತಾಡದೆ ಬಿಟ್ಟರೆ ಅವೇನೂ ಸಾಯುವುದಿಲ್ಲ. ಹಾಸ್ಟೆಲ್ ರೂಮುಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಎದುರು ಹೇಳುವವರೇ ಇಲ್ಲದೆ ಕೊಬ್ಬುತ್ತವೆ. ಹಾಗಾಗಿ ಮಾತಾಡಿ. ಆದರೆ ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ: ಮಾತು ಎಷ್ಟು ಖಾರವಾಗಿದೆ ಎಂದು ಅಳೆಯುತ್ತ ಕೂತರೆ ಚರ್ಚೆ ಎಲ್ಲಿ ಮುಗಿದು ದ್ವೇಷ ಎಲ್ಲಿ ಶುರುವಾಯಿತೆಂಬುದು ಸಿಗುವುದಿಲ್ಲ. ಯಾರ ಬಗ್ಗೆ ಮಾತು ನಡೆದಿದೆಯೋ ಅವರು ಎದ್ದು ನಿಂತು ಉತ್ತರ ಕೊಡಲು ಜಾಗ ಉಳಿದಿದೆಯೇ ಎಂದು ನೋಡು.

ಅಂಬೇಡ್ಕರರ ‘ಜಾತಿ ವಿನಾಶ’ವನ್ನೇ ತೆಗೆದುಕೋ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ತಮ್ಮ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಎಂದು ಅವರನ್ನು ಕರೆದಿದ್ದರು. ಜಾತಿ ಹೋಗಬೇಕು ಎನ್ನುವವರೇ ಅವರು. ಆದರೂ ಭಾಷಣದ ಪ್ರತಿ ಕೈಗೆ ಬಂದಾಗ ಬೆಚ್ಚಿಬಿದ್ದರು. ಶಾಸ್ತ್ರಗಳು ಪವಿತ್ರ ಎಂಬ ನಂಬಿಕೆಯನ್ನೇ ಕೆಡವದೆ ಜಾತಿ ಹೋಗದು ಎಂದು ಅದರಲ್ಲಿತ್ತು. ಕೆಲವು ಭಾಗ ತೆಗೆಯಿರಿ ಎಂದರು, ಅಂಬೇಡ್ಕರ್ ಒಪ್ಪಲಿಲ್ಲ, ಸಮ್ಮೇಳನವೇ ನಿಂತುಹೋಯಿತು. ಅವರು ಭಾಷಣವನ್ನು ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಅದನ್ನು ಓದಿ ಮನಸ್ಸು ನೊಂದವರು ಸಾವಿರಾರು ಮಂದಿ ಇದ್ದಿರಬೇಕು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಆಕ್ಷೇಪ ಬರೆದರು. ಮುಂದೆ ನಡೆದದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 1937ರಲ್ಲಿ ಎರಡನೇ ಮುದ್ರಣ ಬಂದಾಗ ಅಂಬೇಡ್ಕರ್ ಗಾಂಧೀಜಿಯ ಆಕ್ಷೇಪವನ್ನು ತಮ್ಮ ಪುಸ್ತಕದೊಳಗೇ ಸೇರಿಸಿ, ಅದಕ್ಕೆ ತಮ್ಮ ಉತ್ತರವನ್ನೂ ಕೊಟ್ಟರು. ಇವತ್ತು ಪುಸ್ತಕ ಕೊಂಡರೆ ಇಬ್ಬರ ಮಾತೂ ಒಟ್ಟಿಗೆ ಸಿಗುತ್ತದೆ. ಅಷ್ಟು ಉರಿಯುವ ಮಾತು, ಆದರೂ ಎದುರಾಳಿಗೆ ತನ್ನ ಮನೆಯೊಳಗೇ ಕುರ್ಚಿ ಹಾಕಿಕೊಟ್ಟಿದೆ. ಮನಸ್ಸಿಗೆ ನೋವಾಯಿತು ಎಂಬ ಒಂದೇ ಕಾರಣಕ್ಕೆ ಮಾತು ದ್ವೇಷವಾಗುವುದಾದರೆ ಈ ಪುಸ್ತಕ ನಮಗೆ ಸಿಗುತ್ತಲೇ ಇರಲಿಲ್ಲ.

ಇನ್ನು ದ್ವೇಷದ ಕಡೆಯದನ್ನು ನೋಡು. ರುವಾಂಡಾದಲ್ಲಿ 1993ರ ಜುಲೈನಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೊ ಶುರುವಾಯಿತು. ಸರ್ಕಾರಿ ರೇಡಿಯೊದ ಬಿಗುಮಾನ ಅದಕ್ಕಿರಲಿಲ್ಲ. ಒಳ್ಳೆಯ ಹಾಡು, ತಮಾಷೆ, ಬೀದಿಯ ಭಾಷೆ. ಹುಡುಗರು ಮುಗಿಬಿದ್ದು ಕೇಳುತ್ತಿದ್ದರು. ಹಾಡುಗಳ ನಡುವೆ ಹಳೆಯ ಗಾಯಗಳ ಮಾತು ಬರುತ್ತಿತ್ತು: ತುತ್ಸಿಗಳು ಹಿಂದೆ ಹುಟುಗಳಾದ ನಮ್ಮನ್ನು ಆಳಿದವರು, ಮತ್ತೆ ಆಳಲು ಹೊಂಚು ಹಾಕಿದ್ದಾರೆ ಎಂದು. ಇದು ನಿಜವೇ, ಸುಳ್ಳೇ ಎಂದು ವಾದ ಮಾಡಬಹುದಿತ್ತು. ಆದರೆ ಅದರ ಬೆನ್ನಿಗೇ ‘ಜಿರಳೆಗಳು’ ಎಂಬ ಬೈಗುಳ ಬಂತು. ಜಿರಳೆಯ ಜೊತೆ ಯಾರು ವಾದ ಮಾಡುತ್ತಾರೆ? 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ಅದೇ ರೇಡಿಯೊ ಜನರ ಹೆಸರು, ಕಾರಿನ ನಂಬರು, ಅವಿತಿರುವ ಜಾಗ ಎಲ್ಲ ಹೇಳತೊಡಗಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರೆಂದು ಅಂದಾಜು. ಸತ್ತವರಲ್ಲಿ ಹೆಚ್ಚಿನವರು ತುತ್ಸಿಗಳು. ಕೊಲೆಗೆ ಒಪ್ಪದ ಹುಟುಗಳೂ ಇದ್ದರು.

2003ರಲ್ಲಿ ರುವಾಂಡಾಕ್ಕಾಗಿ ರಚಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊ ಕಟ್ಟಿದ ಇಬ್ಬರಿಗೂ ಒಂದು ಪತ್ರಿಕೆಯ ಸಂಪಾದಕನಿಗೂ ಶಿಕ್ಷೆ ವಿಧಿಸಿತು. 2007ರ ಮೇಲ್ಮನವಿಯಲ್ಲಿ ಶಿಕ್ಷೆ ಕಡಿಮೆಯಾಯಿತು. ಏಪ್ರಿಲ್ 6ಕ್ಕೆ ಮುಂಚಿನ ಪ್ರಸಾರಗಳು ದ್ವೇಷ ಬಿತ್ತಿದ್ದು ಹೌದು, ಆದರೆ ನರಮೇಧಕ್ಕೆ ನೇರ ಪ್ರಚೋದನೆ ಎಂದು ಹೇಳಲಾಗದು ಎಂದಿತು ಪೀಠ. ನ್ಯಾಯಾಲಯದ ದೃಷ್ಟಿಯಿಂದ ಅದು ಸರಿಯೇ ಇರಬಹುದು, ಮನುಷ್ಯರನ್ನು ಜೈಲಿಗೆ ಹಾಕುವ ಗೆರೆ ಬಹಳ ಬಿಗಿಯಾಗಿರಬೇಕು. ಆದರೆ ಅಲ್ಲಿನ ನೆರೆಹೊರೆಯವರು, ಮೇಷ್ಟರು, ಪಾದ್ರಿಗಳು ಎಚ್ಚೆತ್ತುಕೊಳ್ಳಬೇಕಾಗಿದ್ದುದು ಮೊದಲ ಸಲ ಜಿರಳೆ ಎಂದಾಗಲೇ. ಕಾನೂನಿನ ಗೆರೆಯೂ ನಿನ್ನ ಚರ್ಚಾಕೂಟದ ಗೆರೆಯೂ ಒಂದೇ ಎಂದುಕೊಳ್ಳಬೇಡ ಎಂದು ನಾನು ಹೇಳುವುದು ಇದಕ್ಕೇ.

ಕಾನೂನಿನದು ಯಾಕೆ ಬಿಗಿಯಾಗಿರಬೇಕು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 2012ರ ನವೆಂಬರಿನಲ್ಲಿ ಶಿವಸೇನೆಯ ನಾಯಕ ಬಾಳಾ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಹುಡುಗಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಗೆಳತಿ ಲೈಕ್ ಒತ್ತಿದಳು, ಪೊಲೀಸರು ಇಬ್ಬರನ್ನೂ ಹಿಡಿದರು. ಯಾರನ್ನೂ ಹೊಡೆಯಿರಿ ಎಂದಿರಲಿಲ್ಲ ಆ ಮಕ್ಕಳು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಬಂಧನಗಳಿಗೆ ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು. ಚರ್ಚಿಸುವುದು, ಒಂದು ವಿಚಾರದ ಪರ ವಾದಿಸುವುದು, ಅದು ಎಷ್ಟೇ ಅಪ್ರಿಯವಾಗಿರಲಿ, ಸಂವಿಧಾನ ಕೊಟ್ಟ ಹಕ್ಕು; ಮಾತು ಪ್ರಚೋದನೆಯ ಮಟ್ಟಕ್ಕೆ ಹೋದಾಗ ಮಾತ್ರ ಕಾನೂನು ಕೈ ಹಾಕಬಹುದು ಎಂದು ಬಿಡಿಸಿ ಹೇಳಿತು. ಆ ತೀರ್ಪನ್ನು ನಿಮ್ಮ ಮೊದಲ ಸಭೆಯಲ್ಲೇ ಓದಿಸು.

ಪ್ರಚೋದನೆ ಪದಗಳಲ್ಲಷ್ಟೇ ಇರುವುದಿಲ್ಲ, ಯಾವ ಹೊತ್ತಿನಲ್ಲಿ ಯಾರ ಮುಂದೆ ಆಡಿದೆವು ಎಂಬುದರಲ್ಲೂ ಇರುತ್ತದೆ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ 205 ಟಿಎಂಸಿ ನೀರು ತಮಿಳುನಾಡಿಗೆ ಸಿಗಬೇಕು ಎಂದು ಮಧ್ಯಂತರ ಆದೇಶ ಕೊಟ್ಟಿತು. ಅದು ಅನ್ಯಾಯ ಎಂದು ಬರೆಯಲು, ಕೂಗಲು, ಧರಣಿ ಕೂರಲು ಕನ್ನಡಿಗರಿಗೆ ಪೂರ್ತಿ ಹಕ್ಕಿತ್ತು. ಆದರೆ ಆ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸಿಟ್ಟು ನ್ಯಾಯಮಂಡಳಿಯನ್ನು ಬಿಟ್ಟು ತಮಿಳು ಮಾತಾಡುವ ಕೂಲಿಯವರ ಗುಡಿಸಲುಗಳ ಕಡೆ ತಿರುಗಿತು. ಜೀವಗಳು ಹೋದವು, ಸಾವಿರಾರು ಜನ ಊರು ಬಿಟ್ಟರು. ಆ ಕೂಲಿಯವರಿಗೂ ಕಾವೇರಿಯ ಗೇಟಿಗೂ ಏನು ಸಂಬಂಧ? ತಮಿಳರಿಂದ ನಮಗೆ ಅನ್ಯಾಯವಾಯಿತು ಎಂಬ ವಾಕ್ಯ ಪತ್ರಿಕೆಯ ಲೇಖನದಲ್ಲಿದ್ದರೆ ಅದಕ್ಕೆ ಉತ್ತರ ಬರೆಯಬಹುದು. ಅದೇ ವಾಕ್ಯವನ್ನು ಕೈಯಲ್ಲಿ ಸೀಮೆಎಣ್ಣೆ ಹಿಡಿದ ಗುಂಪಿನ ಮುಂದೆ, ತಮಿಳು ಬೋರ್ಡಿನ ಅಂಗಡಿಯ ಎದುರು ನಿಂತು ಹೇಳಿದರೆ ಅಂಗಡಿಯವನಿಗೆ ಉತ್ತರ ಕೊಡುವಷ್ಟು ಪುರಸೊತ್ತು ಎಲ್ಲಿರುತ್ತದೆ?

ನಿನ್ನ ಕೂಟದಲ್ಲಿ ಸೀಮೆಎಣ್ಣೆ ಇರುವುದಿಲ್ಲ, ಗೊತ್ತು. ಆದರೆ ಮೀಸಲಾತಿಯ ಚರ್ಚೆ ಇಟ್ಟ ದಿನ, ಹುಡುಗನೊಬ್ಬ ಎದ್ದು ನೀತಿಯ ಮಾತು ಬಿಟ್ಟು ‘ಇವರ ಹಣೆಬರಹವೇ ಇಷ್ಟು’ ಎನ್ನುತ್ತಾನೆ ಎಂದುಕೋ. ಮೀಸಲಾತಿ ಬೇಡ ಎನ್ನುವವನ ಮಾತನ್ನು ಕೊನೆಯವರೆಗೆ ಕೇಳಬೇಕು, ಅವನ ಅಂಕಿಅಂಶಕ್ಕೆ ಅಂಕಿಅಂಶ ಇಡಬೇಕು. ಆದರೆ ‘ಇವರು’ ಎಂದ ಕ್ಷಣ ಅಲ್ಲಿಗೇ ನಿಲ್ಲಿಸು. ಸಭೆ ಮುಗಿಯಲಿ ನೋಡೋಣ ಎಂದು ಬಿಡಬೇಡ. ಆಗ ಎಲ್ಲರ ಕಣ್ಣೂ ಅವನು ‘ಇವರು’ ಎಂದ ಸಮುದಾಯದ, ಹಿಂದಿನ ಬೆಂಚಿನ ಆ ಒಬ್ಬಳ ಕಡೆ ಹೊರಳುತ್ತದೆ. ನಿಮ್ಮವರ ಪರವಾಗಿ ನೀನೇ ಹೇಳಮ್ಮ ಎಂದು ದಯವಿಟ್ಟು ಅವಳನ್ನು ಎಬ್ಬಿಸಬೇಡ. ತಾನು ಮನುಷ್ಯಳು ಎಂದು ಸಾಬೀತು ಮಾಡುವ ಕೆಲಸ ಅವಳದಲ್ಲ. ಉತ್ತರ ನೀನು ಕೊಡು, ಕೂಟ ನಡೆಸುವವಳಾಗಿ. ಅವಳಿಗೆ ಮಾತಾಡಬೇಕೆನಿಸಿದರೆ ಅವಳ ಸರದಿಯಲ್ಲಿ ಮಾತಾಡಲಿ, ಮೀಸಲಾತಿಯ ಬಗ್ಗೆಯೋ, ಮುಂದಿನ ವಾರದ ವಿಷಯದ ಬಗ್ಗೆಯೋ.

ಆ ಹುಡುಗನನ್ನೂ ಓಡಿಸಬೇಡ. ಸಂಜೆ ಕ್ಯಾಂಟೀನಿಗೆ ಕರೆದು ಚಹಾ ಕೊಡಿಸಿ, ಆ ಮಾತು ಅವನಿಗೆ ಯಾರಿಂದ ಬಂತು ಎಂದು ಕೇಳು. ಸೀಟು ಸಿಗದ ಅಣ್ಣನ ಕಥೆಯೋ, ಅಪ್ಪನ ಬಾಯಿಮಾತೋ ಹೊರಗೆ ಬರಬಹುದು. ಅದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ‘ಜಾತಿ ವಿನಾಶ’ದ ನಿನ್ನ ಪ್ರತಿಯನ್ನು ಅವನ ಕೈಗೆ ಕೊಟ್ಟು, ಗಾಂಧೀಜಿಯ ಆಕ್ಷೇಪ ಇರುವ ಪುಟಗಳಿಂದಲೇ ಓದಲು ಶುರುಮಾಡು ಎನ್ನು.