ವಾರಕ್ಕೊಂದು ಸಾಲು

ಮಗಳೇ,

ಮಲೆ ಮಾದೇಶ್ವರ ಬೆಟ್ಟದ ಶಾಲೆಗೆ ಆರ್ಡರ್ ಬಂತು ಅಂತ ಫೋನ್ ಮಾಡಿದಾಗ ನಿನ್ನ ದನಿಯಲ್ಲಿ ಅರ್ಧ ಖುಷಿ ಇತ್ತು, ಅರ್ಧ ಹೆದರಿಕೆ. ಆನೆ, ರಸ್ತೆ, ನೆಟ್‌ವರ್ಕು ಎಲ್ಲವನ್ನೂ ನೀನು ವಿಚಾರಿಸಿಕೊಂಡೆ. ಅದನ್ನೆಲ್ಲ ಊರಿನವರು ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ. ಮಕ್ಕಳ ಜೊತೆ ಗುಂಪಾಗಿ ನಡೆ, ಹೊತ್ತು ಮುಳುಗಿದ ಮೇಲೆ ದಾರಿಗೆ ಇಳಿಯಬೇಡ, ಅಷ್ಟು ಸಾಕು. ನಾನು ಹೇಳಬೇಕಾದ್ದು ಬೇರೆ ಇದೆ. ಮೂವತ್ತು ವರ್ಷ ಕಾಡಂಚಿನ ಶಾಲೆಗಳಲ್ಲಿ ಪಾಠ ಹೇಳಿ ನಾನು ತಡವಾಗಿ ಕಲಿತದ್ದು ಅದು. ನೀನು ಅದನ್ನು ಮೊದಲ ವಾರವೇ ಶುರು ಮಾಡಬೇಕು ಅಂತ ನನ್ನಾಸೆ.

ನನ್ನ ಮೊಮ್ಮಗಳು ಬೆಂಗಳೂರಿನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಮೂರನೇ ಕ್ಲಾಸು. ಪ್ರತಿ ಶುಕ್ರವಾರ ಸಂಜೆ ಅವಳ ಅಮ್ಮನ ಫೋನಿಗೆ ಶಾಲೆಯಿಂದ ಒಂದು ಪತ್ರ ಬರುತ್ತದೆ. ಈ ವಾರ ಮಕ್ಕಳು ಏನು ಕಲಿತರು, ಬರುವ ವಾರ ಏನಿದೆ, ಮನೆಯಲ್ಲಿ ಮಗುವಿನ ಜೊತೆ ಏನು ಮಾತಾಡಬಹುದು, ಎಲ್ಲ ಅದರಲ್ಲಿರುತ್ತದೆ. ಒಂದು ಸಲ ಅಲ್ಲಿದ್ದಾಗ ನಾನೂ ಓದಿದೆ. ಊಟಕ್ಕೆ ಕೂತಾಗ ಮಗುವನ್ನು ಕೇಳಲು ಒಂದೇ ಒಂದು ಪ್ರಶ್ನೆಯನ್ನು ಕೊನೆಯಲ್ಲಿ ಬರೆದಿದ್ದರು. ಆ ರಾತ್ರಿ ನಾವು ಕೇಳಿದೆವು. ‘ಏನಾಯ್ತು ಶಾಲೇಲಿ’ ಅಂದರೆ ‘ಏನಿಲ್ಲ’ ಅನ್ನುವ ಹುಡುಗಿ, ಆ ಒಂದು ಪ್ರಶ್ನೆಗೆ ಮೊಸರನ್ನದವರೆಗೂ ಮಾತಾಡಿದಳು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲೂ ಇದಕ್ಕೆ ರೆನ್ರಾಕುಚೋ ಅನ್ನುವ ಸಣ್ಣ ಪುಸ್ತಕವಿದೆ. ಮಗುವಿನ ಚೀಲದಲ್ಲಿ ಅದು ಶಾಲೆಗೂ ಮನೆಗೂ ಓಡಾಡುತ್ತದೆ, ಒಂದು ಮಾತು ಟೀಚರ್ ಬರೆದರೆ ಇನ್ನೊಂದು ಮಾತು ಮನೆಯವರು ಬರೆಯುತ್ತಾರೆ.

ಅಲ್ಲಿ ಆಗುತ್ತೆ, ನಮ್ಮಲ್ಲಿ ಹೇಗೆ ಅಂತ ನೀನು ಕೇಳುತ್ತೀಯ. ನಿನ್ನ ಮಕ್ಕಳು ಬರುವ ಮನೆಗಳಲ್ಲಿ ಓದು ಬಾರದ ಅಪ್ಪಂದಿರಿದ್ದಾರೆ, ಫೋನಿಲ್ಲದ ಅಜ್ಜಿಯರಿದ್ದಾರೆ. ಫೋನಿದ್ದರೂ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ವಾಟ್ಸಾಪ್ ಗುಂಪು ಮಾಡಿ ಸುಮ್ಮನಾದರೆ ಇಂಡಿಗನತ್ತ, ಮೆಂದರೆ, ನಾಗಮಲೆಯಂಥ ದಾರಿ ಕೊನೆಯ ಊರಿನ ತಾಯಿಗೆ ನಿನ್ನ ಮಾತು ಮುಟ್ಟುವುದಿಲ್ಲ.

ಆದರೆ ನೀನು ಹೋಗುತ್ತಿರುವುದು ಯಾವ ಬೆಟ್ಟಕ್ಕೆ ನೋಡು. ಮಾದಪ್ಪನ ಕಥೆಯನ್ನು ದೇವರಗುಡ್ಡರು, ಕಂಸಾಳೆಯವರು ತಲೆತಲಾಂತರ ಬಾಯಲ್ಲೇ ಹೊತ್ತು ತಂದ ನಾಡು ಅದು. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ ಪುಸ್ತಕವಾಗಿ ಬಂದದ್ದು 1973ರಲ್ಲಿ. ಅಲ್ಲಿಯವರೆಗೂ, ಆಮೇಲೂ, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ ಆ ಕಥೆಯ ಒಂದೊಂದು ಭಾಗವೂ ಬದುಕಿರುವುದು ಬಾಯಿಂದ ಬಾಯಿಗೆ. ಮುಂದಿನವನು ಹಾಡಿದ್ದಕ್ಕೆ ಹಿಂದಿನವರು ಸೊಲ್ಲು ಕೊಡುತ್ತಾರೆ, ಹಾಗೆ ರಾತ್ರಿಯಿಡೀ ಕಥೆ ನಡೆಯುತ್ತದೆ. ಅಂಥ ಮನೆಯ ಮಗು ಶಾಲೆಯ ನಾಲ್ಕು ಮಾತನ್ನು ಹೊತ್ತುಕೊಂಡು ಹೋಗಲಾರದೆ? ನಿನ್ನ ವಾರದ ಪತ್ರ ಮಗುವಿನ ಬಾಯೇ ಆಗಲಿ.

ಇದು ನನಗೆ ಹೊಳೆದದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಬ್ಬ ಹುಡುಗ ಪಕ್ಕದವನ ಸ್ಲೇಟು ಒಡೆದ. ಅಪ್ಪನನ್ನು ಕರೆದುಕೊಂಡು ಬಾ ಅಂದೆ. ಬೆಳಗಿನ ಕೂಲಿ ಬಿಟ್ಟು ಬಂದ ಆತ ಬಾಗಿಲಲ್ಲೇ ನಿಂತು, ಟವಲ್ಲು ಕೈಗೆ ತೆಗೆದುಕೊಂಡು, ‘ನಮ್ ಹೈದ ಏನ್ ಮಾಡ್ಬುಟ್ಟ ಮಿಸ್ಸೇ?’ ಅಂದ. ನಾನು ಹೇಳಿದೆ. ಎಲ್ಲರ ಮುಂದೆ ಆತ ಮಗನಿಗೆ ಹೊಡೆದ. ನಾನು ತಡೆಯುವಷ್ಟರಲ್ಲಿ ಮೂರು ಏಟು ಬಿದ್ದಿತ್ತು. ಆ ಹುಡುಗ ಎರಡು ವಾರ ಶಾಲೆಗೆ ಬರಲಿಲ್ಲ. ಕೊನೆಗೆ ನಾನೇ ಅವನ ಮನೆಗೆ ಹೋದೆ. ಅವನ ತಾಯಿ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಹೆದರಿ ಎದ್ದು ನಿಂತಳು. ಶಾಲೆಯಿಂದ ಯಾರಾದರೂ ಬಂದರೆ ಅದು ದೂರು ಅಂತಲೇ ಆ ಮನೆಗೆ ಗೊತ್ತು. ಒಂದು ವರ್ಷದಲ್ಲಿ ಆ ಹುಡುಗನ ಬಗ್ಗೆ ನಾನು ಒಂದು ಒಳ್ಳೆಯ ಮಾತನ್ನೂ ಮನೆಗೆ ಕಳಿಸಿರಲಿಲ್ಲ. ಅವನು ಎಷ್ಟು ಚೆನ್ನಾಗಿ ಹಕ್ಕಿಗಳ ಚಿತ್ರ ಬರೆಯುತ್ತಿದ್ದ ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ.

ಹಾಗಾಗಿ ಮಗಳೇ, ವಾರದ ಸುದ್ದಿ ಆ ಮಗು ಮಾಡಿದ ಒಂದು ಒಳ್ಳೆಯ ಕೆಲಸದಿಂದಲೇ ಶುರುವಾಗಲಿ. ಸುಳ್ಳು ಹೊಗಳಿಕೆ ಬೇಡ, ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ‘ಮೂರಂಕಿಯ ಕೂಡುವ ಲೆಕ್ಕ ಮಾಡಿದೆ’, ‘ಒಂದನೇ ಕ್ಲಾಸಿನ ಪಾಪುವಿಗೆ ಕೈ ತೊಳೆಸಿದೆ’, ಹೀಗೆ ಕಣ್ಣಿಗೆ ಕಂಡದ್ದು ಇರಲಿ. ಅದಕ್ಕಾಗಿ ನೀನು ವಾರವಿಡೀ ಪ್ರತಿ ಮಗುವನ್ನೂ ನೋಡಬೇಕಾಗುತ್ತದೆ. ಆ ನೋಟವೇ ನಿನ್ನ ಪಾಠವನ್ನು ಅರ್ಧ ತಿದ್ದುತ್ತದೆ.

ಶನಿವಾರ ಬೆಳಗಿನ ಶಾಲೆ ಮುಗಿಯುವ ಮುಂಚೆ ಇಪ್ಪತ್ತು ನಿಮಿಷ ಇದಕ್ಕೆ ಎತ್ತಿಡು. ನಾಲ್ಕೇ ಮಾತು. ನಾನು ಮಾಡಿದ ಒಳ್ಳೆಯದು, ನಾನು ಕಲಿತದ್ದು, ಬರುವ ವಾರ ಏನಿದೆ, ಮನೆಯವರು ಏನು ಮಾಡಬೇಕು. ನೀನು ಹೇಳು, ಅವರು ಸೊಲ್ಲು ಕೊಡಲಿ. ಆಮೇಲೆ ಒಂದೊಂದು ಊರಿನ ಮಕ್ಕಳು ಗುಂಪಾಗಿ ಕೂತು ಒಬ್ಬರಿಗೊಬ್ಬರು ಒಪ್ಪಿಸಲಿ. ಜೀಪಿನಲ್ಲೋ ನಡೆದೋ ಹೋಗುವಾಗ ದೊಡ್ಡವರು ಚಿಕ್ಕವರಿಗೆ ಮತ್ತೆ ನೆನಪಿಸುತ್ತಾರೆ. ನಲಿ-ಕಲಿಯ ಕಲಿಕಾ ಚಪ್ಪರದಲ್ಲಿ ನೇತುಹಾಕಿದ ಅವರದೇ ಚಿತ್ರವನ್ನು ಬಿಚ್ಚಿ ಕೈಗೆ ಕೊಟ್ಟು ಕಳಿಸು. 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ ಶುರುವಾದ ಪದ್ಧತಿ ನಲಿ-ಕಲಿ, ನಮ್ಮಂಥ ಊರಿನ ಮಕ್ಕಳನ್ನು ನೋಡಿಯೇ ಹುಟ್ಟಿದ್ದು. ಚಪ್ಪರದ ಚಿತ್ರ ಶಾಲೆಯಲ್ಲೇ ದೂಳು ತಿನ್ನುವುದಕ್ಕಿಂತ ಮನೆಯ ಗೋಡೆಯಲ್ಲಿರಲಿ.

ನಾಲ್ಕನೇ ಮಾತು, ಮನೆಯವರು ಏನು ಮಾಡಬೇಕು ಅನ್ನುವುದು, ಚಿಕ್ಕದಿರಲಿ. ವಾರಕ್ಕೆ ಒಂದೇ. ಒಂದು ವಾರ ‘ಒಂಬತ್ತಕ್ಕೆ ಮಲಗಿಸಿ’. ಇನ್ನೊಂದು ವಾರ ‘ಉಗುರು ತೆಗೆಯಿರಿ’. ಮಗದೊಂದು ವಾರ ‘ಶಾಲೆಯಲ್ಲಿ ಮಗುವಿಗೆ ಮೊಟ್ಟೆಯೋ ಬಾಳೆಹಣ್ಣೋ, ನಿಮ್ಮ ಮನೆಯ ಪದ್ಧತಿ ಯಾವುದು ಹೇಳಿ ಕಳಿಸಿ’. ಹತ್ತು ಉಪದೇಶ ಒಟ್ಟಿಗೆ ಕಳಿಸಿದರೆ ಒಂದೂ ಉಳಿಯುವುದಿಲ್ಲ. ಮನೆಯಲ್ಲಿ ಪಾಠ ಹೇಳಿಕೊಡಿ ಅಂತ ಮಾತ್ರ ಎಂದೂ ಹೇಳಿ ಕಳಿಸಬೇಡ. ಓದು ಬಾರದ ತಾಯಿಗೆ ಆ ಮಾತು ಎದೆಗೆ ಚುಚ್ಚುತ್ತದೆ. ‘ನಿಮ್ಮ ಕಾಲದಲ್ಲಿ ಈ ಕಾಡಲ್ಲಿ ಯಾವ ಸೊಪ್ಪು, ಯಾವ ಹಣ್ಣು ತಿನ್ನುತ್ತಿದ್ದಿರಿ, ಮಗುವಿಗೆ ಹೇಳಿ’ ಅನ್ನು. ಸೋಲಿಗರ ಅಜ್ಜಿಗೆ ಗೊತ್ತಿರುವಷ್ಟು ಗಿಡ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಆಕೆ ಹೇಳುತ್ತಾಳೆ.

ಮಗು ಯಾವ ನುಡಿಯಲ್ಲಿ ಹೇಳಿದರೂ ತಿದ್ದಬೇಡ. ಸೋಲಿಗನುಡಿಯಲ್ಲಿ ಹೇಳಲಿ, ಪಾಲಾರ್ ಕಡೆಯ ಮಗು ತಮಿಳು ಬೆರೆಸಿ ಹೇಳಲಿ. ಬೆಟ್ಟವಿರುವ ಕೊಳ್ಳೇಗಾಲ ಸೀಮೆ 1956ರವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಎರಡು ಭಾಷೆ ಅಲ್ಲಿ ಅಕ್ಕತಂಗಿಯರ ಹಾಗೆ ಬಾಳಿವೆ. ಮನೆಗೆ ಅರ್ಥವಾದರೆ ಸುದ್ದಿ ಮುಟ್ಟಿತು ಅಂತಲೇ ಲೆಕ್ಕ.

ಸೋಮವಾರ ಮನೆಯ ಸುದ್ದಿ ಶಾಲೆಗೆ ಬರಬೇಕು. ಇದನ್ನು ಮಾತ್ರ ತಪ್ಪಿಸಬೇಡ. ಕೋಳಿ ಮರಿ ಮಾಡಿತು, ತಂಗಿಗೆ ಜ್ವರ, ಜೋಳಕ್ಕೆ ಆನೆ ನುಗ್ಗಿತು, ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಹೋದರು. ಪಾಠದ ಹೊತ್ತಿನಲ್ಲಿ ತೂಕಡಿಸುವ ಹುಡುಗನನ್ನು ನಾನು ಎಷ್ಟೋ ಸಲ ಎದ್ದು ನಿಲ್ಲಿಸಿದ್ದೇನೆ. ಅವನು ರಾತ್ರಿ ಅಪ್ಪನ ಜೊತೆ ಹೊಲದ ಅಟ್ಟಣೆಯ ಮೇಲೆ ಕಾವಲಿದ್ದ ಅಂತ ಸೋಮವಾರದ ಸುದ್ದಿ ಶುರುವಾದ ಮೇಲೆಯೇ ತಿಳಿದದ್ದು. ಆಮೇಲೆ ಅಂಥವರಿಗೆ ಮೊದಲ ಅರ್ಧ ಗಂಟೆ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟೆ. ಹೆತ್ತವರು ಕೆಲಸಕ್ಕೆ ಹೋದ ಮಗುವಿಗೆ ‘ಅಪ್ಪ ಅಮ್ಮನಿಗೆ ಹೇಳು’ ಅನ್ನಬೇಡ. ‘ಅಜ್ಜಿಗೆ ಹೇಳು, ಅಪ್ಪ ಫೋನ್ ಮಾಡಿದಾಗಲೂ ಹೇಳು’ ಅನ್ನು. ದೂರದ ತೋಟದ ಲೈನುಮನೆಯಲ್ಲಿ ಕೂತ ಅಪ್ಪನಿಗೆ ಮಗಳ ಬಾಯಲ್ಲಿ ಮಗ್ಗಿ ಕೇಳುವುದೆಂದರೆ ಏನು ಅಂತ ನಾನು ಹೇಳಬೇಕಿಲ್ಲ.

ಅಮಾವಾಸ್ಯೆ, ಜಾತ್ರೆ ಬಂದರೆ ನಿನ್ನ ಕ್ಲಾಸು ಖಾಲಿಯಾಗುತ್ತದೆ. ಶಿವರಾತ್ರಿ, ಯುಗಾದಿ, ಮಹಾಲಯ, ದೀಪಾವಳಿ, ಇಷ್ಟೂ ಬೆಟ್ಟದ ದೊಡ್ಡ ದಿನಗಳು. ಅದಕ್ಕೆ ಸಿಟ್ಟಾಗಬೇಡ. ಎಷ್ಟೋ ಮನೆಗೆ ಅಂದಿನ ವ್ಯಾಪಾರವೇ ತಿಂಗಳ ದುಡ್ಡು. ಹಿಂದಿನ ಶನಿವಾರವೇ ಹೇಳಿ ಕಳಿಸು: ‘ಮಗು ಅಂಗಡಿಯಲ್ಲಿ ಚಿಲ್ಲರೆ ಎಣಿಸಲಿ, ಎಷ್ಟು ತೆಂಗಿನಕಾಯಿ ಹೋಯಿತು ಬರೆದುಕೊಂಡು ಬರಲಿ, ಜಾತ್ರೆ ಮುಗಿದ ಮಾರನೇ ದಿನ ಶಾಲೆಗೆ ಬರಲೇಬೇಕು’. ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಇನ್ನೂರರಲ್ಲಿ ಮಗುವಿನದು ಎಷ್ಟು ದಿನ ಹೋಯಿತು ಅನ್ನುವುದು ತಾಯಿಗೆ ತಿಳಿದಿರಲಿ, ಆದರೆ ಗದರಿಕೆಯಾಗಿ ಅಲ್ಲ.

ಎಸ್‌ಡಿಎಂಸಿ ಸಭೆಯಲ್ಲೂ ಇದನ್ನು ಮಾತಾಡು. ಶಾಲಾ ಸಮಿತಿಯ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಹೆಂಗಸರು ಅಂತ ಕಾನೂನಿದೆ. ಹೆಂಗಸರು ಹಿಂದೆ ಗೋಡೆಗೊರಗಿ ಕೂರುತ್ತಾರೆ. ನೀನು ಕುರ್ಚಿ ಬಿಟ್ಟು ಅವರ ಪಕ್ಕ ಚಾಪೆಯ ಮೇಲೆ ಕೂತು ‘ಕೂಸು ಶನಿವಾರ ಏನು ಹೇಳ್ತು?’ ಅಂತ ಕೇಳು. ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ಮೊದಲ ಶನಿವಾರ ಅರ್ಧಕ್ಕರ್ಧ ಮಕ್ಕಳು ದಾರಿಯಲ್ಲೇ ಮರೆಯುತ್ತಾರೆ. ಇನ್ನು ಕೆಲವರು ತಮ್ಮದೇ ಒಂದಷ್ಟು ಸೇರಿಸುತ್ತಾರೆ. ಸೋಮವಾರ ಬೈಯಬೇಡ, ಯಾರನ್ನೂ ನಿಲ್ಲಿಸಬೇಡ. ನಾಲ್ಕೈದು ವಾರ ಕಳೆಯಲಿ. ಮಹಾಲಯಕ್ಕೆ ನಾನು ಬೆಟ್ಟಕ್ಕೆ ಬರುತ್ತೇನೆ. ಮಾದಪ್ಪನ ಎಣ್ಣೆಮಜ್ಜನ ಮುಗಿಸಿಕೊಂಡು ಒಂದು ದಿನ ಉಳಿದು ನಿನ್ನ ಶಾಲೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಈ ಅಜ್ಜಿಗೆ ಆ ವಾರದ ಸುದ್ದಿ ಹೇಳಲು ಒಂದು ಮಗುವನ್ನು ಗೊತ್ತು ಮಾಡಿಡು. ಎಲ್ಲರಿಗಿಂತ ಕಡಿಮೆ ಮಾತಾಡುವ ಮಗು ಆಗಿದ್ದರೆ ಇನ್ನೂ ಒಳ್ಳೆಯದು.