ಮುದ್ರೆಯಿಲ್ಲದ ಟಿಕೆಟ್: ವಿದೇಶ ಪ್ರವಾಸದಲ್ಲಿ ಉದ್ಯಮಿಗಳು ಅರಿತಿರಬೇಕಾದ ನಿಯಮ

ಐದು ಸಾವಿರ ರೂಪಾಯಿಗೆ ಮೀರಿದ ಹಣದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಿ, ಅದರ ಮೇಲೆ ಅಡ್ಡಲಾಗಿ ಸಹಿ ಮಾಡುವುದು ಪ್ರತಿಯೊಬ್ಬ ವರ್ತಕನಿಗೂ ರೂಢಿಯಾದ ಕ್ರಮ. ಆ ಸಹಿ ಕೇವಲ ಸಂಪ್ರದಾಯವಲ್ಲ. 1899ರ ಭಾರತೀಯ ಸ್ಟಾಂಪು ಅಧಿನಿಯಮದ 12ನೇ ಪ್ರಕರಣದ ಮೇರೆಗೆ, ಮತ್ತೆ ಬಳಸಲಾಗದಂತೆ ರದ್ದುಪಡಿಸದ ಅಂಟು ಸ್ಟಾಂಪು ಇದ್ದೂ ಇಲ್ಲದಂತೆಯೇ. ಹಣ ಕೊಟ್ಟು ಸ್ಟಾಂಪು ಕೊಂಡದ್ದು ನಿಜವಾದರೂ ಕಾನೂನಿಗೆ ಅಷ್ಟು ಸಾಲದು. ಯುರೋಪಿನ ಹಲವು ನಗರಗಳ ರೈಲು ಮತ್ತು ಬಸ್ ಟಿಕೆಟ್ಟುಗಳ ನಿಯಮ ಇದೇ ತತ್ತ್ವದ ಮೇಲೆ ನಿಂತಿದೆ.

ನಮ್ಮಲ್ಲಿ ಬಸ್ಸಿನ ನಿರ್ವಾಹಕರು ಕೊಡುವ ಟಿಕೆಟ್ಟಿನಲ್ಲಿ ದಿನಾಂಕ, ಸಮಯ ಎರಡೂ ಮುದ್ರಿತವಾಗಿರುತ್ತವೆ. ಕೊಂಡ ಗಳಿಗೆಯಲ್ಲೇ ಪ್ರಯಾಣ ಆರಂಭವಾಯಿತೆಂದು ಲೆಕ್ಕ. ಅಲ್ಲಿ ಹಾಗಲ್ಲ. ಟಿಕೆಟ್ಟನ್ನು ಮೊದಲೇ ಕೊಂಡು ದಾಸ್ತಾನು ಇಟ್ಟುಕೊಂಡು, ಬೇಕಾದ ದಿನ ಬಳಸಬಹುದು. ಬಳಸುವ ದಿನ ಪ್ಲಾಟ್‌ಫಾರಂ ಮೇಲೆ ಅಥವಾ ಬಸ್ಸಿನೊಳಗೆ ಇರುವ ಸಣ್ಣ ಯಂತ್ರದಲ್ಲಿ ತೂರಿಸಿ ಸಮಯದ ಮುದ್ರೆ ಪಡೆಯಬೇಕು. ಈ ಕ್ರಿಯೆಗೆ ಜರ್ಮನರು ಬಳಸುವ 'ಎಂಟ್‌ವೆರ್ಟೆನ್' ಎಂಬ ಪದದ ಅರ್ಥವೇ ಮೌಲ್ಯ ತೆಗೆಯುವುದು ಎಂದು. ಮುದ್ರೆಯಿಲ್ಲದ ಟಿಕೆಟ್ ನಾಳೆಯೂ ಬಳಕೆಗೆ ಬರುತ್ತದೆ. ಆದ್ದರಿಂದ ತಪಾಸಣಾಧಿಕಾರಿಯ ದೃಷ್ಟಿಯಲ್ಲಿ ಅದನ್ನು ಹಿಡಿದವರು ಇಂದಿನ ಪ್ರಯಾಣಕ್ಕೆ ಹಣ ತೆತ್ತಿಲ್ಲ. ಪ್ರಯಾಣಿಕರ ಉದ್ದೇಶವೇನಿತ್ತು ಎಂಬ ವಿಚಾರಣೆಗೆ ಆತ ಇಳಿಯುವುದಿಲ್ಲ.

ಜರ್ಮನಿಯ ನಗರ ರೈಲು ನಿಲ್ದಾಣಗಳಲ್ಲಿ ನಮ್ಮ ಮೆಟ್ರೋದಲ್ಲಿರುವಂತೆ ತಡೆಗೇಟುಗಳಿರುವುದಿಲ್ಲ. ಇದನ್ನು ಕಂಡು ಅಲ್ಲಿ ತಪಾಸಣೆಯೇ ಇಲ್ಲವೆಂದು ತಿಳಿಯುವುದು ದುಬಾರಿ ತಪ್ಪು. 2015ರಿಂದ ಅಲ್ಲಿ ದಂಡ ತಲಾ 60 ಯೂರೋ. ಪೀಣ್ಯದ ನಾಲ್ವರು ಪಾಲುದಾರರು ಟಿಕೆಟ್ ಕೊಂಡೂ ಮುದ್ರೆ ಹಾಕಿಸದೆ ಸಿಕ್ಕಿಬಿದ್ದರು ಎಂದಿಟ್ಟುಕೊಂಡರೆ, ನಾಲ್ಕು ನಿಲ್ದಾಣಗಳ ಪ್ರಯಾಣಕ್ಕೆ 240 ಯೂರೋ! ಬೇಕೆಂದೇ ಹಣ ತೆರದೆ ಪ್ರಯಾಣಿಸುವುದು ಅಲ್ಲಿನ ದಂಡ ಸಂಹಿತೆಯ 265ಎ ಪ್ರಕರಣದಡಿ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವೂ ಹೌದು. ಒಂದೇ ದೇಶದಲ್ಲಿ ಊರಿಗೊಂದು ಪದ್ಧತಿ ಇರುವುದು ಇನ್ನೊಂದು ತೊಡಕು. ಫ್ರಾಂಕ್‌ಫರ್ಟಿನ ಯಂತ್ರ ಕೊಡುವ ಟಿಕೆಟ್ ಕೊಂಡ ಕ್ಷಣದಿಂದಲೇ ಚಾಲ್ತಿ, ಮುದ್ರೆ ಬೇಡ. ಬರ್ಲಿನ್ನಿನಲ್ಲಿ ಪ್ಲಾಟ್‌ಫಾರಂ ಯಂತ್ರದಿಂದ ಕೊಂಡ ಬಿಡಿ ಟಿಕೆಟ್ಟಿಗೆ ಮುದ್ರೆ ಬೇಕು. ಒಂದು ವಾರ ಫ್ರಾಂಕ್‌ಫರ್ಟಿನಲ್ಲಿ ತಿರುಗಾಡಿ ಎಲ್ಲವನ್ನೂ ಬಲ್ಲೆನೆಂದುಕೊಂಡವರೇ ಬರ್ಲಿನ್ನಿನಲ್ಲಿ ಎಡವುವ ಸಂಭವ ಹೆಚ್ಚು. ಕೆಲವು ವಸ್ತುಪ್ರದರ್ಶನಗಳ ಪ್ರವೇಶಪತ್ರದಲ್ಲೇ ಸ್ಥಳೀಯ ಸಾರಿಗೆ ಸೇರಿರುತ್ತದೆ. ಪ್ರವೇಶಪತ್ರದ ಮೇಲಿನ ಸಣ್ಣಕ್ಷರಗಳನ್ನು ಓದಿಕೊಂಡರೆ ಟಿಕೆಟ್ ಕೊಳ್ಳುವ ಪ್ರಮೇಯವೇ ಬಾರದಿರಬಹುದು.

ಇಟಲಿಯ ನಿಯಮ ನಮ್ಮವರಿಗೆ ಹೆಚ್ಚು ಉಪಯುಕ್ತ. 2023ರ ಜೂನ್‌ನಲ್ಲಿ ಜವಳಿ ಯಂತ್ರಗಳ ಐಟಿಎಂಎ ಪ್ರದರ್ಶನ ನಡೆದದ್ದು ಮಿಲಾನ್ ನಗರದ ಅಂಚಿನ 'ರೋ' ಪ್ರದರ್ಶನ ಕೇಂದ್ರದಲ್ಲಿ. ಅಲ್ಲಿಗೆ ಹೋಗುವ ಮೆಟ್ರೋದಲ್ಲಿ ಸಮಸ್ಯೆ ಮುದ್ರೆಯದಲ್ಲ, ವಲಯದ್ದು. 2019ರ ಜುಲೈನಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ ನಗರದ ಸಾಮಾನ್ಯ ಟಿಕೆಟ್ ಮೊದಲ ಮೂರು ವಲಯಗಳಿಗೆ ಮಾತ್ರ. ರೋ ಇರುವುದು ನಾಲ್ಕನೆಯದರಲ್ಲಿ. ಒಳಹೋಗುವಾಗ ಗೇಟು ತೆರೆಯುತ್ತದೆ, ಹೊರಬರುವಾಗ ತೆರೆಯುವುದಿಲ್ಲ. ಬ್ಯಾಂಕ್ ಕಾರ್ಡ್ ತೋರಿಸಿ ಹೋಗುವವರು ಒಳಗೆ ಬಳಸಿದ ಅದೇ ಕಾರ್ಡನ್ನೇ ಹೊರಗೂ ತೋರಿಸಬೇಕು.

ಮಿಲಾನಿನಿಂದ ಸಣ್ಣ ಊರುಗಳ ಕಾರ್ಖಾನೆ ನೋಡಲು ಹೊರಟವರು ಏರುವುದು ಸಾಮಾನ್ಯವಾಗಿ ಪ್ರಾದೇಶಿಕ ರೈಲನ್ನು. ಅದರ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಮುದ್ರೆ ಕಡ್ಡಾಯ. ಮುದ್ರೆ ಬಿದ್ದ ಮೇಲೆ ನಾಲ್ಕು ಗಂಟೆ ಅದು ಊರ್ಜಿತ. ಯಂತ್ರ ಕೆಟ್ಟಿದ್ದಲ್ಲಿ ಆಸನದಲ್ಲಿ ಕುಳಿತು ಕಾಯಬಾರದು, ಕೂಡಲೇ ರೈಲಿನ ಸಿಬ್ಬಂದಿಯನ್ನು ಹುಡುಕಿ ತಿಳಿಸಬೇಕು. ತಾವಾಗಿ ಹೋಗಿ ಹೇಳಿದವರಿಗೂ ಕೇಳಿದ ಮೇಲೆ ಹೇಳಿದವರಿಗೂ ಅಂತರವಿದೆ. ಮೊಬೈಲಿನಲ್ಲಿ ಕೊಂಡರೆ ಈ ತಾಪತ್ರಯವಿಲ್ಲವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 2023ರ ಆಗಸ್ಟ್‌ನಿಂದ ಪ್ರಾದೇಶಿಕ ರೈಲಿನ ಡಿಜಿಟಲ್ ಟಿಕೆಟ್ಟಿಗೂ 'ಚೆಕ್-ಇನ್' ಮಾಡಬೇಕಾಗಿದೆ. ನಿಗದಿತ ರೈಲು, ನಿಗದಿತ ಆಸನವಿರುವ ಅತಿವೇಗದ ರೈಲುಗಳಿಗೆ ಮಾತ್ರ ಇದಾವುದೂ ಬೇಡ. ಆ ಟಿಕೆಟ್ಟನ್ನು ಬೇರೆ ದಿನ ಬಳಸಲು ಬಾರದಷ್ಟೆ.

ಪ್ಯಾರಿಸ್ಸಿನಲ್ಲಿ ಬಸ್ ಬದಲಿಸಿದಾಗಲೆಲ್ಲ ಕಾರ್ಡನ್ನು ಯಂತ್ರಕ್ಕೆ ಮತ್ತೆ ತೋರಿಸಬೇಕು. ಇಬ್ಬರು ಜೊತೆಗೂಡಿ ಹೋಗುವಾಗ ಒಂದೇ ನಾವಿಗೋ ಕಾರ್ಡಿನಿಂದ ಇಬ್ಬರೂ ದಾಟುವಂತಿಲ್ಲ.

ಇನ್ನು ಲೆಕ್ಕಪತ್ರದ ಮಾತು. ದಂಡದ ಚೀಟಿಯನ್ನು ಪ್ರವಾಸ ವೆಚ್ಚದ ಶೀರ್ಷಿಕೆಯಡಿ ಸೇರಿಸಿಬಿಡುವ ಪ್ರವೃತ್ತಿ ಉಂಟು. ಕಾನೂನು ನಿಷೇಧಿಸಿದ ಕೃತ್ಯಕ್ಕೆ ಮಾಡಿದ ಖರ್ಚು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರ ವೆಚ್ಚವಾಗದು. ವಿದೇಶದ ಕಾನೂನಿಗೂ ಇದು ಅನ್ವಯವೆಂದು 2022ರ ಹಣಕಾಸು ಅಧಿನಿಯಮ ಸ್ಪಷ್ಟಪಡಿಸಿದೆ. ದಂಡವನ್ನು ಪ್ರತ್ಯೇಕವಾಗಿ ತೋರಿಸುವುದೇ ಲೇಸು. ಮುದ್ರೆ ಬಿದ್ದ ಟಿಕೆಟ್ಟಾದರೋ ಉತ್ತಮ ವೋಚರು: ದಿನಾಂಕ, ಗಂಟೆ ಎಲ್ಲವೂ ಅದರಲ್ಲೇ ಇರುತ್ತವೆ. ಉಷ್ಣಮುದ್ರಣದ ಕಾಗದವಾಗಿದ್ದರೆ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುವುದರಿಂದ, ಊರಿಗೆ ಮರಳಿದ ವಾರದೊಳಗೆ ನೆರಳಚ್ಚು ತೆಗೆದು ಕಡತಕ್ಕೆ ಸೇರಿಸತಕ್ಕದ್ದು.